ನೀಲವ್ವನ ಪಾಲಿನ ಹಾಡು

ಅಮೆರಿಕಕ್ಕೆ ಬಂದ ಮೂರನೆಯ ದಿನ ಗದಿಗೆವ್ವನ ಹೆಸರನ್ನು ಲಲಿತಮ್ಮ ಎಂದು ಬದಲಾಯಿಸಿದರು. ಏಳನೆಯ ವಾರ ಅವಳಿಗೆ ತಿಳಿಸದೆ ಅವಳ ದನಿಯನ್ನು ರೆಕಾರ್ಡ್ ಮಾಡಿಕೊಂಡರು. ಐದನೆಯ ತಿಂಗಳು ಆ ದನಿ ಮೊಮ್ಮಗಳ ಮೊದಲ ಸಿ.ಡಿ.ಯಲ್ಲಿ ಹೊರಬಂತು. ಸಿ.ಡಿ.ಯ ಹಿಂಬದಿಯಲ್ಲಿ, ಹಾಡಿದವರ ಹೆಸರಿರಬೇಕಾದ ಕಡೆ, ‘ಸಾಂಪ್ರದಾಯಿಕ’ ಎಂದು ಅಚ್ಚಾಗಿತ್ತು.

ಹೆಸರು ಬದಲಾಯಿಸಿದವಳು ಸೊಸೆ ಲೀಲಾವತಿ. ಅಂದು ಸಂಜೆ ಡಲ್ಲಾಸ್ ಬಳಿಯ ಫ್ಲವರ್ ಮೌಂಡಿನ ಅವರ ಮನೆಗೆ ಕನ್ನಡ ಸಂಘದ ನಾಲ್ಕು ಸಂಸಾರಗಳು ಊಟಕ್ಕೆ ಬರುವುದಿತ್ತು.

“ಅತ್ತೆ, ಇಲ್ಲಿ ಎಲ್ಲರೂ ಹೆಸರು ಶಾರ್ಟ್ ಮಾಡ್ಕೋತಾರೆ. ಇವರನ್ನೇ ನೋಡಿ, ಹಾಲಪ್ಪ ಅಂತ ಯಾರೂ ಕರೆಯಲ್ಲ, ಆಫೀಸಲ್ಲಿ ಹ್ಯಾಲ್. ನಿಮಗೆ ಲಲಿತಮ್ಮ ಅಂತ ಇರಲಿ.”

ಗದಿಗೆವ್ವ ಬೆರಳು ಮಡಚಿ ನೋಡಿದಳು. “ಗ, ದಿ, ಗೆ, ವ್ವ. ಲ, ಲಿ, ತ, ಮ್ಮ. ನಾಕs ನಾಕು. ಇದು ಗಿಡ್ಡ ಹ್ಯಾಂಗ ಆತು ಲೀಲಾ?”

ಲೀಲಾವತಿ ನಕ್ಕಳು. ಮಗ ಹಾಲಪ್ಪ ಟಿ.ವಿ. ನೋಡುತ್ತಿದ್ದ. ಟಿ.ವಿ.ಯಲ್ಲಿ ಹವಾಮಾನ ವರದಿ ಬರುತ್ತಿತ್ತು.

ಅಂದಿನಿಂದ ಸಂಘದವರು “ಲಲಿತಮ್ಮನೋರೇ” ಎಂದು ಕರೆದರೆ ಗದಿಗೆವ್ವ ತಿರುಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಮುದುಕಿಗೆ ಕಿವಿ ಮಂದ ಎಂದುಕೊಂಡು ಅವರು ಗಟ್ಟಿಯಾಗಿ ಮಾತಾಡತೊಡಗಿದರು. ಅವಳ ಕಿವಿ ಚೆನ್ನಾಗಿಯೇ ಇತ್ತು.

ಹಾಲಪ್ಪ ಟೆಕ್ಸಾಸಿಗೆ ಬಂದು ಹದಿನಾರು ವರ್ಷವಾಗಿತ್ತು. ಅವನು ಹುಟ್ಟಿದ್ದು ಹಾವೇರಿ ಕಡೆಯ ಒಂದು ಊರಿನಲ್ಲಿ. ಊರಿನಲ್ಲಿ ಎನ್ನುವುದೂ ತಪ್ಪು, ಊರಿನ ಹೊರಗಿನ ಕೇರಿಯಲ್ಲಿ. ಸಂಘದ ಊಟಗಳಲ್ಲಿ ಯಾರಾದರೂ ಒಬ್ಬರು, ಸಾರು ಬಡಿಸಿಕೊಳ್ಳುತ್ತ, “ನಿಮ್ಮ ಮನೆದೇವರು ಯಾವುದು ಸಾರ್?” ಎಂದು ಕೇಳುತ್ತಿದ್ದರು. ಅದು ದೇವರ ಬಗೆಗಿನ ಪ್ರಶ್ನೆಯಲ್ಲ. ಕೇಳುವವರಿಗೂ ಅದು ಗೊತ್ತು, ಹೇಳುವವರಿಗೂ ಗೊತ್ತು. ಹಾಲಪ್ಪ ಒಂದು ದೊಡ್ಡ ದೇವಸ್ಥಾನದ ಹೆಸರು ಹೇಳಿ ತಟ್ಟೆ ಹಿಡಿದು ಮುಂದಕ್ಕೆ ಹೋಗುತ್ತಿದ್ದ. ಸೊಂಟಕ್ಕೆ ಸೆಲ್‌ಫೋನ್ ಸಿಕ್ಕಿಸಿಕೊಂಡು, ಸ್ವಂತ ಮನೆ ಕಟ್ಟಿಸಿ, ಇನ್ನೊಬ್ಬನ ಜಾತಿಯನ್ನು ಸಾರಿನ ಸೌಟಿನಲ್ಲಿ ಅಳೆಯುವ ಜನ ಅವರು. ಅವನು ಅವರೊಳಗೊಬ್ಬನಾಗಿ ಹದಿನಾರು ವರ್ಷ ಕಳೆದಿದ್ದ.

ಮಗಳು ನಿಶಿತಾಳಿಗೂ ಹದಿನಾರು. ಶಾಲೆ ಬಿಟ್ಟರೆ ಹಾಡು, ಹಾಡು ಬಿಟ್ಟರೆ ಹಾಡು. ಕೋಣೆಯ ಗೋಡೆಯ ಮೇಲೆ ಹೊಕ್ಕಳು ಕಾಣುವಂತೆ ಅಂಗಿ ತೊಟ್ಟ ಅಮೆರಿಕದ ಹುಡುಗಿಯರ ಚಿತ್ರಗಳಿದ್ದವು. ಕನ್ನಡ ತಿಳಿಯುತ್ತಿತ್ತು, ಅಪ್ಪ ಅಮ್ಮನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಅಜ್ಜಿಯ ಜೊತೆ ಮಾತ್ರ, ಬೇರೆ ದಾರಿಯಿಲ್ಲದೆ, ಮುರಿದು ಮುರಿದು ಕನ್ನಡ.

ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಮಷೀನಿತ್ತು. ಆ ಬೀದಿಯ ಎಲ್ಲ ಕನ್ನಡದ ಮನೆಗಳಂತೆ ಅಲ್ಲೂ ಅದರೊಳಗೆ ಕೈಯಲ್ಲಿ ತೊಳೆದ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದರು. ಗದಿಗೆವ್ವ ಬಂದ ಮೇಲೆ ತೊಳೆಯುವ ಕೆಲಸ ಅವಳದಾಯಿತು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ನಲ್ಲಿ ಬಿಟ್ಟುಕೊಂಡು, ಕಿಟಕಿಯಾಚೆಯ ಬೇಲಿ ನೋಡುತ್ತ, ಅವಳು ಬಾಯಿ ಮುಚ್ಚಿಯೇ ಒಂದು ರಾಗ ಗುನುಗುತ್ತಿದ್ದಳು. ಅದಕ್ಕೆ ಮಾತಿರಲಿಲ್ಲ. ಒಂದು ಉದ್ದ ಉಸಿರು ಮೇಲಿಂದ ಮೂರು ಮೆಟ್ಟಿಲು ಇಳಿದು, ನಾಲ್ಕನೆಯದಕ್ಕೆ ಕಾಲಿಡದೆ ನಿಂತುಬಿಡುತ್ತಿತ್ತು. ಮತ್ತೆ ಮೊದಲಿಂದ.

ನಿಶಿತಾ ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ಕೂತು ಅದನ್ನು ತನ್ನ ಪುಟ್ಟ ರೆಕಾರ್ಡರಿನಲ್ಲಿ ಹಿಡಿದಳು. ಚೆನ್ನಾಗಿತ್ತು, ಹಿಡಿದಳು. ಅಜ್ಜಿಯನ್ನು ಕೇಳಬೇಕು ಎಂದು ಅವಳಿಗೆ ಹೊಳೆಯಲಿಲ್ಲ. ತಮ್ಮ ಮನೆಯ ಅಡಿಗೆಮನೆಯಲ್ಲಿ ಇದ್ದದ್ದೆಲ್ಲ ತಮ್ಮದೇ ಎಂದು ನಂಬಿ ಬೆಳೆದ ಹುಡುಗಿ.

ದುಷ್ಯಂತ್ ಅದನ್ನು ಕೇಳಿ ಕುರ್ಚಿಯಿಂದ ಎದ್ದುನಿಂತನಂತೆ. ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನ ಡಾಕ್ಟರ್ ಒಬ್ಬರ ಮಗ ಅವನು, ವಯಸ್ಸು ಇಪ್ಪತ್ತಾರು, ಆಸ್ಟಿನ್ನಿನಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದ. ಹ್ಯೂಸ್ಟನ್ನಿನ ಒಂದು ಸಂಗೀತದ ಕಂಪನಿ ಅವನ ಮೂಲಕ ಹೊಸ ಹಾಡುಗಾರರನ್ನು ಹುಡುಕುತ್ತಿತ್ತು. ನಿಶಿತಾ ಸ್ನೇಹಿತರ ಕಣ್ತಪ್ಪಿಸಿ ಮನೆಗೆ ಮರಳುವ ಹುಡುಗಿಯ ಬಗ್ಗೆ ಒಂದು ಇಂಗ್ಲಿಷ್ ಹಾಡು ಬರೆದಿದ್ದಳು. ಹೆಸರು ‘ಕಿಚನ್ ಲೈಟ್’. ಅಂಥ ಹಾಡು ದಿನಕ್ಕೆ ನೂರು ಬರುತ್ತವೆ. ಆದರೆ ಮೊದಲ ಮೂವತ್ತು ಸೆಕೆಂಡು ಅಜ್ಜಿಯ ಗುನುಗು, ನಲ್ಲಿಯ ನೀರಿನ ಸದ್ದು, ಆಮೇಲೆ ಡ್ರಮ್ ಬಿದ್ದಾಗ ಅದು ದಿನಕ್ಕೆ ನೂರು ಬರುವ ಹಾಡಾಗಿ ಉಳಿಯಲಿಲ್ಲ.

ಒಪ್ಪಂದಕ್ಕೆ ಸಹಿ ಹಾಕಲು ಅವರೆಲ್ಲ ಹ್ಯೂಸ್ಟನ್ನಿಗೆ ಹೋದರು. ಗದಿಗೆವ್ವನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಕಂಪನಿಯ ಕೆಲಸ ಮುಗಿಸಿ ಪೇರ್‌ಲ್ಯಾಂಡಿನ ಮೀನಾಕ್ಷಿ ಗುಡಿ ತೋರಿಸಿದ ಹಾಗೂ ಆಗುತ್ತದೆ ಎಂದು. ಗುಡಿಯ ಮುಂದೆ ಚಪ್ಪಲಿ ಬಿಡುವ ಜಾಗದಲ್ಲಿ ಅವಳು ನಿಂತುಬಿಟ್ಟಳು.

ಹಾಲಪ್ಪ ಹತ್ತಿರ ಬಂದು ಪಿಸುಗುಟ್ಟಿದ. “ಎವ್ವಾ, ಒಳಗ ನಡಿ. ಇಲ್ಲಿ ಯಾರೂ ಕೇಳೂದಿಲ್ಲ.”

“ಯಾರೂ ಕೇಳೂದಿಲ್ಲಂದ್ರ ನೀ ಪಿಸುಮಾತ್ಯಾಕ ಆಡ್ತಿ?” ಎಂದಳು ಗದಿಗೆವ್ವ. ಗಟ್ಟಿಯಾಗಿಯೇ. ಆಮೇಲೆ ಮಗ ಕೈಹಿಡಿದ ಕಡೆಗೆ ನಡೆದಳು. ಕರೆದ ಕಡೆ ಹೋಗುವುದು ಅವಳಿಗೆ ರೂಢಿ.

ಸಿ.ಡಿ. ಬಂತು. ಆಸ್ಟಿನ್ನಿನ ಒಂದು ರೇಡಿಯೋ ನಾಲ್ಕು ಸಲ ಹಾಕಿತು. ನಿಶಿತಾಳ ಶಾಲೆಯ ಹುಡುಗಿಯರು ಊಟದ ಹೊತ್ತಿನಲ್ಲಿ ಆ ಗುನುಗನ್ನು ಗುನುಗಿದರು. ಸಂಘದ ಅಧ್ಯಕ್ಷ ಸುಧೀಂದ್ರ ಅವರ ಮನೆಯ ಪೂಜೆಯಲ್ಲಿ ಅದನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದರು. ಮಕ್ಕಳು ಕುಣಿದರು. ಗದಿಗೆವ್ವ ಕುರ್ಚಿಯ ಮೇಲೆ ಕೂತು ತನ್ನ ದನಿ ಗೋಡೆಯಿಂದ ಬರುವುದನ್ನು ಕೇಳಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಹಾಲಪ್ಪನೋರೇ, ಏನ್ ಸಾರ್ ಇದು ಟ್ಯೂನು!” ಎಂದರು ಸುಧೀಂದ್ರ. “ಎದೆಗೇ ಬಂದು ಕೂರುತ್ತೆ. ನಮ್ಮಜ್ಜಿ ಹೀಗೇ ಏನೋ ಹೇಳೋರು. ಜೋಗುಳ ಅಲ್ವಾ?”

ಹಾಲಪ್ಪನ ಕೈಯಲ್ಲಿ ಪ್ರಸಾದದ ದೊನ್ನೆ ಇತ್ತು.

“ಹೂಂ,” ಎಂದ. “ಜೋಗುಳ.”

ಅಷ್ಟೇ ನಡೆದದ್ದು. ಆ ಒಂದು ಮಾತು ಹ್ಯೂಸ್ಟನ್ನಿಗೆ ಹೋಯಿತು, ಇಂಗ್ಲಿಷಾಯಿತು, ‘ತಲೆಮಾರುಗಳ ಜೋಗುಳ’ವಾಗಿ ಕಂಪನಿಯ ಕಾಗದದಲ್ಲಿ ಕೂತು ಮರಳಿ ಬಂತು. ಕಂಪನಿಗೆ ಈಗ ಆ ಜೋಗುಳದ ಮಾತುಗಳು ಬೇಕಾಗಿದ್ದವು. ಅಜ್ಜಿ ಮೊಮ್ಮಗಳು ಇಬ್ಬರೂ ಹಾಡಿದ, ಮಾತಿರುವ, ಉದ್ದನೆಯ ‘ಕಿಚನ್ ಲೈಟ್’. ಡಲ್ಲಾಸಿನ ಯುಗಾದಿ ಕಾರ್ಯಕ್ರಮದಲ್ಲಿ ಜನರ ಮುಂದೆಯೇ ರೆಕಾರ್ಡ್ ಮಾಡಬೇಕು. ಅದು ಕೂಡಿಬಂದರೆ ನಿಶಿತಾಳಿಗೆ ಪೂರ್ತಿ ಆಲ್ಬಮ್, ಹನ್ನೆರಡು ಹಾಡು. ಕೂಡಿಬರದಿದ್ದರೆ ಈ ಒಂದೇ ಹಾಡು, ಅಲ್ಲಿಗೆ ಮುಗಿಯಿತು. ದುಷ್ಯಂತ್ ಫೋನಿನಲ್ಲಿ ಇದನ್ನು ಎರಡು ಸಲ ಹೇಳಿದ.

ನಿಶಿತಾ ನೋಟ್‌ಬುಕ್ ಹಿಡಿದು ಅಡಿಗೆಮನೆಗೆ ಹೋದಳು. ಮಧ್ಯಾಹ್ನ. ಗದಿಗೆವ್ವ ಕುಕ್ಕರಿನ ತಳ ಉಜ್ಜುತ್ತಿದ್ದಳು.

“ಅಜ್ಜಿ, ನಿನ್ನ ಹಾಡು. ಅದಕ್ಕೆ ವರ್ಡ್ಸ್ ಏನು?”

“ಯಾಕ?”

“ನಾನು ಹಾಡ್ಬೇಕು. ನೀನೂ ಹಾಡ್ಬೇಕು. ಸ್ಟೇಜ್ ಮೇಲೆ.”

“ಅದರ ಮಾತು ಮನ್ಯಾಗ ಆಡಬಾರದು.”

“ಯಾಕೆ?”

“ಹೆಣ ಇಲ್ಲದ ಮನ್ಯಾಗ ಆಡಬಾರದು.”

ನಿಶಿತಾಳಿಗೆ ಆ ಪದ ಗೊತ್ತಿರಲಿಲ್ಲ. “ಹೆಣ ಅಂದ್ರೆ?”

ಗದಿಗೆವ್ವ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು, ನೆಲದ ಮೇಲೆ ಕೂತು, ಎರಡೂ ಅಂಗೈಗಳನ್ನು ತನ್ನ ಮುಂದೆ ಒಂದು ಮಾರು ಉದ್ದಕ್ಕೆ ಸವರಿ ತೋರಿಸಿದಳು. ಕಣ್ಣು ಮುಚ್ಚಿ ತಲೆ ವಾಲಿಸಿದಳು. ನಿಶಿತಾಳಿಗೆ ತಿಳಿಯಿತು.

ಆಮೇಲೆ ಗದಿಗೆವ್ವ ಹೇಳಿದಳು. ಕತೆ ಹೇಳುವ ಹಾಗೆ ಅಲ್ಲ, ಮಾಡಿದ ಕೆಲಸ ಹೇಳುವ ಹಾಗೆ.

ಊರೊಳಗೆ ದೊಡ್ಡವರ ಮನೆಯಲ್ಲಿ ಸಾವಾದರೆ ಕೇರಿಯ ಹೆಂಗಸರು ಹೋಗಿ ಹೆಣದ ಮುಂದೆ ಕೂತು ಹಾಡಿಕೊಂಡು ಅಳಬೇಕು. ಮನೆಯವರು ಅಳುವುದು ಮರ್ಯಾದೆಗೆ ಕಡಿಮೆ. ದೂರದ ನೆಂಟರು ಬರುವ ತನಕ ಅಳು ನಿಲ್ಲಬಾರದು. ಅಂಗಳದಲ್ಲಿ ಕೂರಬೇಕು, ಕಟ್ಟೆ ಹತ್ತುವ ಹಾಗಿಲ್ಲ. ಗದಿಗೆವ್ವನ ದನಿ ಎಲ್ಲರಿಗಿಂತ ಚಲೋ. ಅವಳನ್ನು ಮೊದಲು ಕರೆಯುತ್ತಿದ್ದರು.

“ನಿಮ್ಮಪ್ಪಗ ಆರು ವರ್ಷ. ಅವನ ಬೆನ್ನಿಗೆ ನೀಲವ್ವ, ನಾಕು ವರ್ಷದ ಕೂಸು. ಜ್ವರ ಬಂದಿತ್ತು. ಬೆಳಕ ಹರಿಯೂದರಾಗ ಹೋತು. ಹೊತ್ತು ಏರೂದರಾಗ ಗೌಡರ ಅವ್ವನೂ ಸತ್ತಳು. ಆಳು ಕರಿಯಾಕ ಬಂದ.”

ನಿಶಿತಾಳ ಪೆನ್ನು ನೋಟ್‌ಬುಕ್ಕಿನ ಮೇಲೆ ನಿಂತಿತ್ತು.

“ಹೋದ್ಯಾ?”

“ಹೋದೆ.”

“ನೀಲವ್ವ?”

“ಮನ್ಯಾಗ ಮಲಗಿಸಿದ್ದೆ. ಎರಡ ದಿನ ಹಾಡಿದೆ ಅಲ್ಲಿ. ಬರೂದರಾಗ ನಿಮ್ಮಜ್ಜ ಮಣ್ಣ ಮಾಡಿ ಬಂದಿದ್ದ. ಹಾಲಪ್ಪ ಬೆನ್ನಿಂದ ತಂಬಿಗಿ ಹಿಡಕೊಂಡು ಹೋಗಿದ್ದನಂತ.”

“ನೀಲವ್ವಂಗೆ ಹಾಡಲಿಲ್ವಾ?”

“ದನಿ ಇರಲಿಲ್ಲ.” ಗದಿಗೆವ್ವ ಸೆರಗಿನ ಅಂಚಿನಲ್ಲಿ ಏನೋ ಹುಡುಕಿ ಬಿಟ್ಟಳು. “ಆಕಿ ಪಾಲಿನ ಮಾತು ಹಂಗs ಉಳದಾವ. ಬರೇ ರಾಗಕ್ಕ ದೋಷಿಲ್ಲ.”

“ಆಮೇಲೆ ಮತ್ತೆ ಕರೆದ್ರಾ ಅವರು?”

“ಕರದ್ರು. ಹೋದೆ. ನಿಮ್ಮಪ್ಪ ನೌಕರಿ ಹಿಡದು ಹುಬ್ಬಳ್ಳಿಗೆ ಕರಕೊಂಡು ಹೋಗೂ ತನಕ.”

“ನೋ ಅನ್ಲಿಲ್ವಾ ಅಜ್ಜಿ? ಒಂದ್ಸಲಾನೂ?”

ಗದಿಗೆವ್ವ ಮೊಮ್ಮಗಳ ಮುಖ ನೋಡಿದಳು. ಪ್ರಶ್ನೆ ಅರ್ಥವಾಗದವಳ ಹಾಗೆ ನೋಡಿದಳು. “ಒಲ್ಲೆ ಅಂತ ಯಾರ ಅಂತಾರ?” ಎಂದಳು. ಎದ್ದು ನಲ್ಲಿ ತಿರುಗಿಸಿದಳು. ಕುಕ್ಕರಿನ ತಳ ಇನ್ನೂ ಉಳಿದಿತ್ತು.

ನಿಶಿತಾಳಿಗೆ ಅಳು ಬರಲಿಲ್ಲ. ಬರಬೇಕು ಎಂದುಕೊಂಡಳು, ಬರಲಿಲ್ಲ. ಕೋಣೆಗೆ ಹೋಗಿ ತನ್ನ ಸಿ.ಡಿ. ಹಾಕಿದಳು. ಮೂವತ್ತು ಸೆಕೆಂಡು. ಡ್ರಮ್ ಬೀಳುವ ಮುಂಚೆ ನಿಲ್ಲಿಸಿದಳು. ಮತ್ತೆ ಹಾಕಿದಳು. ತಾನೇ ರೆಕಾರ್ಡ್ ಮಾಡಿದ ನಲ್ಲಿಯ ಸದ್ದು ಈಗ ನಲ್ಲಿಯ ಸದ್ದಾಗಿಯಷ್ಟೇ ಕೇಳುತ್ತಿತ್ತು. ಮೂರು ದಿನ ಶಾಲೆಗೆ ಹೋದಳು, ಬಂದಳು, ಕೊಟ್ಟದ್ದು ತಿಂದಳು. ಲೀಲಾವತಿ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ.

ನಾಲ್ಕನೆಯ ದಿನ ಗಿಟಾರ್ ಕ್ಲಾಸಿನಿಂದ ಬರುವಾಗ ಕಾರಿನಲ್ಲಿ ಅಪ್ಪನನ್ನು, ಎಂದಿನ ಇಂಗ್ಲಿಷ್ ಬಿಟ್ಟು, ಕನ್ನಡದಲ್ಲಿ ಕೇಳಿದಳು. “ಡ್ಯಾಡ್, ನೀಲವ್ವ ಯಾರು?”

ಹಾಲಪ್ಪ ಸಿಗ್ನಲ್ಲಿನಲ್ಲಿ ನಿಂತಿದ್ದ. ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ. ಟೆಕ್ಸಾಸಿನಲ್ಲಿ ಹಾಗೆ ಯಾರೂ ಬೇಗ ಹಾರ್ನ್ ಹೊಡೆಯುವುದಿಲ್ಲ.

“ಅಜ್ಜಿ ಹೇಳಿದ್ಳಾ?”

“ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಜೋಗುಳ ಅಂದ್ರಿ.”

“ಮತ್ತೇನ್ ಹೇಳ್ಲಿ? ಸುಧೀಂದ್ರ ಕೇಳಿದ್ರು. ಅವರ ಮನೆ ಪೂಜೇಲಿ ನಿಂತ್ಕೊಂಡು, ನಮ್ಮವ್ವ ನಿಮ್ಮಂಥೋರ ಹೆಣದ ಮುಂದೆ ಅಳ್ತಿದ್ಳು, ಅದರ ಟ್ಯೂನ್ ಸಾರ್ ಇದು ಅಂತ ಹೇಳ್ಲಾ?” ಅವನ ದನಿ ಏರಲಿಲ್ಲ. ಕಣ್ಣು ರಸ್ತೆಯ ಮೇಲೇ ಇತ್ತು. “ನಿಶಿ, ಇಲ್ಲಿ ಯಾರಿಗೂ ಗೊತ್ತಾಗಲ್ಲ. ಎರಡು ಸಾಲು ಹಾಡಿದ್ರೆ ಸಾಕು. ಅವ್ವನ ಕೇಳಿದೀನಿ. ಹೂಂ ಅಂದಿದಾಳೆ.”

“ಹೂಂ ಅಂತಾಳೆ,” ಎಂದಳು ನಿಶಿತಾ. “ಅವಳು ಎಲ್ಲರಿಗೂ ಹೂಂ ಅಂದಿದಾಳೆ.”

“ನಿನಗೆ ಆಲ್ಬಮ್ ಬೇಡವಾ?”

ನಿಶಿತಾ ಗಿಟಾರಿನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೇಕಾಗಿತ್ತು. ಎಂಟನೆಯ ವಯಸ್ಸಿನಿಂದ ಅವಳಿಗೆ ಬೇರೆ ಏನೂ ಬೇಕಾಗಿರಲಿಲ್ಲ. ಅದು ಈಗಲೂ ಹಾಗೆಯೇ ಇತ್ತು, ಒಂದಿಷ್ಟೂ ಕಡಿಮೆಯಾಗದೆ.

ಯುಗಾದಿಯ ಶನಿವಾರ. ಸಂಘದವರು ಬಾಡಿಗೆಗೆ ಹಿಡಿದ ಶಾಲೆಯ ಆಡಿಟೋರಿಯಂ. ಹೊರಗೆ ಮೇಜಿನ ಮೇಲೆ ದೊಡ್ಡ ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಬಾತ್, ಪುಳಿಯೋಗರೆ. ಬೇವಿನೆಲೆ ಸಿಗದೆ ಯಾರೋ ಬೇರಾವುದೋ ಎಲೆ ಕಿತ್ತು ತಂದಿದ್ದರು. ದುಷ್ಯಂತ್ ಆಸ್ಟಿನ್ನಿನಿಂದ ಪೆಟ್ಟಿಗೆಗಟ್ಟಲೆ ಸಾಮಾನು ತಂದು ಪರದೆಯ ಹಿಂದೆ ಜೋಡಿಸಿದ್ದ. ಮೊದಲ ಸಾಲಿನಲ್ಲಿ ಕಂಪನಿಯ ಹೆಂಗಸು ತಟ್ಟೆ ಹಿಡಿದು ಕೂತಿದ್ದಳು. ಅವಳಿಗೆ ಯಾರೋ ಕುಂಕುಮವಿಟ್ಟಿದ್ದರು.

“ಆಂಟಿ, ಸುಮ್ನೆ ಮನೇಲಿ ಹಾಡೋ ಥರ ಹಾಡಿ, ಓಕೆ?” ಎಂದ ದುಷ್ಯಂತ್, ಗದಿಗೆವ್ವನ ಕಿವಿಯ ಹತ್ತಿರ ಗಟ್ಟಿಯಾಗಿ. “ನಿಶ್, ಮೈಕ್ ನಿನ್ನ ಕೈಲೇ ಇರ್ಲಿ. ಅಜ್ಜಿ ಬಾಯಿ ಹತ್ರ ಹಿಡಿ. ಅವರು ಎರಡು ಲೈನ್ ಹೇಳ್ತಿದ್ದ ಹಾಗೆ ನಾನು ಡ್ರಮ್ ಬಿಡ್ತೀನಿ. ನೀನು ಎಂಟ್ರಿ.”

ಸುಧೀಂದ್ರ ಜರಿ ಶಲ್ಯ ಸರಿಮಾಡಿಕೊಂಡು ಸ್ಟೇಜಿಗೆ ಬಂದರು. “ಕನ್ನಡದ ತಾಯಂದಿರ ಮಡಿಲಿನ ಜೋಗುಳ ಇವತ್ತು ಅಮೆರಿಕಾನ ಕುಣಿಸ್ತಾ ಇದೆ! ನಮ್ಮ ಲಲಿತಮ್ಮನೋರು! ನಮ್ಮ ನಿಶಿತಾ!” ಚಪ್ಪಾಳೆ ಬಿತ್ತು.

ಸ್ಟೇಜಿನ ನಡುವೆ ಹೂ ಸುತ್ತಿದ ಕುರ್ಚಿ ಇತ್ತು. ಗದಿಗೆವ್ವ ಅದರ ಹತ್ತಿರ ಬಂದಳು. ಕುರ್ಚಿಯ ಮೇಲೆ ಕೂರಲಿಲ್ಲ. ಅದರ ಪಕ್ಕದಲ್ಲಿ, ಮರದ ಹಲಗೆಯ ಮೇಲೆ, ಒಂದು ಕಾಲು ಮಡಚಿ ಕೂತಳು. ಲೀಲಾವತಿ ಪಿನ್ ಹಾಕಿ ಉಡಿಸಿದ್ದ ರೇಷ್ಮೆ ಸೀರೆಯ ಸೆರಗನ್ನು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡಳು. ಕೈಬಳೆ ಹಿಂದಕ್ಕೆ ಸರಿಸಿದಳು. ಎರಡೂ ಅಂಗೈಗಳನ್ನು ಮುಂದಿನ ಖಾಲಿ ಹಲಗೆಯ ಮೇಲೆ, ಎರಡು ಮೊಳ ಅಂತರದಲ್ಲಿ, ಮೆಲ್ಲಗೆ ಇಟ್ಟಳು.

“ಎಷ್ಟು ಟ್ರೆಡಿಷನಲ್ ನೋಡ್ರೀ,” ಎಂದು ಎರಡನೆಯ ಸಾಲಿನಲ್ಲಿ ಯಾರೋ ಅಂದರು. ಕ್ಯಾಮೆರಾಗಳು ಮಿಂಚಿದವು.

ನಿಶಿತಾ ಕೆಳಗೆ ನೋಡಿದಳು. ಮೊದಲ ಸಾಲಿನ ತುದಿಯಲ್ಲಿ ಅವಳ ಅಪ್ಪ ನಿಂತಿದ್ದ. ಇಡೀ ಹಾಲಿನಲ್ಲಿ ಆ ಕೂರುವ ರೀತಿ ಗುರುತಿದ್ದವನು ಅವನೊಬ್ಬನೇ. ಅವನ ಕೈಯಲ್ಲಿದ್ದ ಪೇಪರ್ ತಟ್ಟೆ ವಾಲಿ ಬಾತು ಬೂಟಿನ ಮೇಲೆ ಬೀಳುತ್ತಿತ್ತು. ಅವನಿಗೆ ಅದು ತಿಳಿಯುತ್ತಿರಲಿಲ್ಲ. ಆದರೂ ಅವನು ಬಲಗೈ ಎತ್ತಿ, ಹಿಡಿ, ಮೈಕ್ ಹಿಡಿ ಎಂದು ಸನ್ನೆ ಮಾಡಿದ.

ಗದಿಗೆವ್ವ ತಲೆ ಎತ್ತಿ ಮೊಮ್ಮಗಳನ್ನು ನೋಡಿದಳು. ಕೆಲಸಕ್ಕೆ ಬಂದವರು ಕೇಳುವ ಹಾಗೆ, ಸಣ್ಣ ದನಿಯಲ್ಲಿ ಕೇಳಿದಳು.

“ಯಾರ ಹೋಗ್ಯಾರ?”

“ಯಾರೂ ಇಲ್ಲ ಅಜ್ಜಿ.”

“ಮತ್ತ ಯಾರ ಮುಂದ ಹಾಡಲಿ? ಹಾಡತೇನಿ. ಹೇಳ್ರಿ.”

ಅವಳು ಮೊಮ್ಮಗಳಿಗೂ ‘ಹೇಳ್ರಿ’ ಎಂದಳು. ಕರೆಯಲು ಬಂದ ಆಳಿಗೆ ಹೇಳುವಂತೆ.

ಸ್ಪೀಕರಿನಿಂದ ನಲ್ಲಿಯ ನೀರಿನ ಸದ್ದು ಶುರುವಾಯಿತು. ನಿಶಿತಾಳ ಕೈಯಲ್ಲಿ ಮೈಕ್ ಇತ್ತು, ಅಜ್ಜಿಯ ಬಾಯಿಂದ ಒಂದು ಗೇಣು ದೂರದಲ್ಲಿ. ಗದಿಗೆವ್ವ ಉಸಿರು ಒಳಗೆ ಎಳೆದುಕೊಂಡಳು. ಬಾಯಿ ತೆರೆಯಿತು.

ನಿಶಿತಾ ಹೆಬ್ಬೆರಳಿನಿಂದ ಮೈಕಿನ ಸ್ವಿಚ್ ಆರಿಸಿದಳು. ಹಲಗೆಯ ಮೇಲೆ ಕೂತು, ಇನ್ನೊಂದು ಕೈಯನ್ನು ಅಜ್ಜಿಯ ಬಾಯಿಗೆ ಅಡ್ಡ ಇಟ್ಟಳು. ಒತ್ತಲಿಲ್ಲ, ಇಟ್ಟಳು ಅಷ್ಟೇ. ಗದಿಗೆವ್ವನ ಬಿಸಿಯುಸಿರು ಅಂಗೈಗೆ ತಾಗಿತು. ಮಾತು ಬರಲಿಲ್ಲ.

ನೀರಿನ ಸದ್ದು ಹರಿಯುತ್ತಲೇ ಇತ್ತು. ಪರದೆಯ ಹಿಂದಿನಿಂದ ದುಷ್ಯಂತ್, “ನಿಶ್! ಮೈಕ್ ಆಫ್ ಆಗಿದೆ! ಆನ್ ಮಾಡು!” ಎಂದ. ಸುಧೀಂದ್ರ ನಗುತ್ತ, “ಏನೋ ಟೆಕ್ನಿಕಲ್ ಪ್ರಾಬ್ಲಮ್ಮು,” ಎಂದರು. ಕಂಪನಿಯ ಹೆಂಗಸು ತಟ್ಟೆ ಕೆಳಗಿಟ್ಟಳು.

ಹಾಲಪ್ಪ ಮೆಟ್ಟಿಲು ಹತ್ತಿ ಬಂದ. ಮಗಳ ಎದುರು ಮಂಡಿಯೂರಿ ಕೂತ. ಹದಿನಾರು ವರ್ಷದಿಂದ ಸಂಘದವರ ಮುಂದೆ ಆಡದ ತನ್ನೂರ ಮಾತು ಅವನ ಬಾಯಿಗೆ ಬಂತು.

“ಹಿಡಿಯವ್ವಾ. ಎರಡs ನಿಮಿಷ. ಎಲ್ಲಾರೂ ನೋಡಾಕ ಹತ್ಯಾರ. ಮೈಕ್ ಹಿಡಿ.”

“ಹಿಡಿಯಲ್ಲ,” ಎಂದಳು ನಿಶಿತಾ.